ಉಣ್ಣೆತಾತನ ರಾಣಿಯೂ ಮಾವನವರ ನಿದ್ದೆಯೂ

ಈ ಮನೆಯವರ ಕಿವಿಗೆ ಸಂಸ್ಕಾರ ಕೊಟ್ಟೇ ತೀರುತ್ತೇನೆ ಎಂದು ನಾನು ಶಪಥ ಮಾಡಿದ್ದು ಒಂದು ಬೆಳಿಗ್ಗೆ, ಕಾಫಿಯ ಹೊತ್ತಿನಲ್ಲಿ. ಭೀಷ್ಮ ಪ್ರತಿಜ್ಞೆ ಮಾಡಿದಾಗ ಆಕಾಶದಿಂದ ಹೂಮಳೆ ಸುರಿಯಿತಂತೆ. ನನ್ನ ಪ್ರತಿಜ್ಞೆಗೆ ಹೆಂಡತಿ, "ಕಾಫಿ ಆರ್ತಾ ಇದೆ, ಕುಡೀರಿ" ಅಂದಳು.

ವಿಷಯ ಇಷ್ಟು. ಮುನ್ನೂರು ವರ್ಷಗಳ ಹಿಂದೆ ಬಾಳಿದ ಒಬ್ಬ ಮಹಾ ಸಂಗೀತಗಾರನ ರೆಕಾರ್ಡುಗಳನ್ನು ನಾನು ಹರೆಯದಿಂದಲೂ ಕೂಡಿಸುತ್ತ ಬಂದಿದ್ದೇನೆ. ಆತನ ಒಪೆರಾಗಳು, ಒರಟೋರಿಯೋಗಳು, ಕನ್ಚರ್ಟೋಗಳು ಎಲ್ಲವೂ ನನ್ನಲ್ಲಿವೆ. ಮನೆಯ ಕೆಳ ಅಂತಸ್ತಿನ ಸಣ್ಣ ಕೋಣೆಯಲ್ಲಿ ಒಂದು ಗೋಡೆ ಪೂರ್ತಿ ಅವನದೇ. ಪ್ರತಿ ರೆಕಾರ್ಡಿನ ರಟ್ಟಿನ ಕವಚದ ಮೇಲೂ ಅವನ ಚಿತ್ರ: ದುಂಡು ಮುಖ, ಎರಡು ಗದ್ದ, ಭುಜದವರೆಗೆ ಇಳಿಬಿದ್ದ ಬಿಳಿ ಸುರುಳಿಗೂದಲಿನ ವಿಗ್ಗು. ಮಗಳು ಎರಡು ವರ್ಷದವಳಿದ್ದಾಗ ಅದನ್ನು ಮುಟ್ಟಿ ಮುಟ್ಟಿ ನೋಡಿ "ಉಣ್ಣೆತಾತ" ಎಂದಳು. ಅಂದಿನಿಂದ ಆ ಮಹಾಪುರುಷನಿಗೆ ನಮ್ಮ ಮನೆಯಲ್ಲಿ ಅದೇ ಹೆಸರು.

ಒಪೆರಾ, ಒರಟೋರಿಯೋ, ಕನ್ಚರ್ಟೋಗಳ ವ್ಯತ್ಯಾಸವನ್ನು ಮದುವೆಯಾದ ಹೊಸದರಲ್ಲಿ ನಾನು ಹೆಂಡತಿಗೆ ಒಂದು ಸಂಜೆಯೆಲ್ಲ ವಿವರಿಸಿದ್ದೆ. ಅವಳು ಬಟ್ಟೆ ಮಡಚುತ್ತ ಕೇಳಿಸಿಕೊಂಡು, ಕೊನೆಗೆ ಸಾರಾಂಶ ಹೇಳಿದಳು. "ಅಂದ್ರೆ ಒಪೆರಾ ವೇಷ ಹಾಕ್ಕೊಂಡು ಅಳೋದು. ಒರಟೋರಿಯೋ ವೇಷ ಇಲ್ದೆ ಅಳೋದು. ಕನ್ಚರ್ಟೋ ಬಾಯಿ ಬಿಡ್ದೆ ಅಳೋದು. ಸರೀನಾ?"

ಸರಿಯಲ್ಲ ಎಂದು ವಾದಿಸಲು ಹೊರಟರೆ ಎಲ್ಲಿ ಹಿಡಿಯಬೇಕೆಂದೇ ತಿಳಿಯಲಿಲ್ಲ. ಈಗಲೂ ತಿಳಿದಿಲ್ಲ.

ಈ ಶಪಥಕ್ಕೆ ಕಾರಣ ನನ್ನ ಮಾವ. ಮುದ್ರಣಾಲಯದಲ್ಲಿ ಯಂತ್ರ ನಡೆಸಿ ನಿವೃತ್ತರಾದ ಅವರಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಿತ್ತು. ಗುಣವಾಗುವವರೆಗೆ ನಮ್ಮಲ್ಲಿರಲಿ ಎಂದು ಹೆಂಡತಿ ಕರೆತಂದಿದ್ದಳು. ಮೆಟ್ಟಿಲು ಹತ್ತಿಸುವಂತಿಲ್ಲ, ಕೆಳಗಿರುವುದು ಆ ಒಂದೇ ಕೋಣೆ. ಸದ್ಯಕ್ಕೆ ಮಂಚ ನಡುಮನೆಯಲ್ಲಿತ್ತು. ಟಿ.ವಿ., ಕರೆಗಂಟೆ, ಮಗಳ ಫೋನು ಎಲ್ಲದರ ನಡುವೆ ಮಾವ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವರಿಗೆ ಸರಿಯಾಗಿ ನಿದ್ದೆಯೇ ಹತ್ತಿರಲಿಲ್ಲ. ಡಾಕ್ಟರು ಮಾತ್ರೆ ಬದಲಾಯಿಸಿದರು, ಪ್ರಮಾಣ ಹೆಚ್ಚಿಸಿದರು. ಮಾತ್ರೆ ತಿಂದು ಮಾವ ಇನ್ನಷ್ಟು ಚುರುಕಾಗಿ ಸೂರು ನೋಡಿದರು. ಕಣ್ಣ ಕೆಳಗೆ ಕಪ್ಪು ಇಳಿದಿತ್ತು, ತಟ್ಟೆಯಲ್ಲಿ ಊಟ ಉಳಿಯುತ್ತಿತ್ತು. ನಿದ್ದೆಯಿಲ್ಲದಿದ್ದರೆ ಗಾಯ ಮಾಯುವುದು ಹೇಗೆ ಎಂದು ಹೆಂಡತಿ ದಿನಕ್ಕೆ ನಾಲ್ಕು ಸಲ ನನ್ನನ್ನು ಕೇಳುತ್ತಿದ್ದಳು, ನಾನೇ ಕಾರಣ ಎಂಬಂತೆ.

ಕಾರಣ ನಾನೇ ಎಂದು ಆಮೇಲೆ ತಿಳಿಯಿತು.

"ನಿಮ್ಮ ತಾತನ್ನ ಹಿತ್ತಲ ಶೆಡ್ಡಿಗೆ ಸಾಗಿಸಿ. ನಮ್ಮಪ್ಪನ್ನ ರೂಮಿಗೆ ಕರ್ಕೊಂಡ್ಹೋಗ್ತೀನಿ" ಅಂದಳು.

ಶೆಡ್ಡು ಅಂದರೆ ತುಕ್ಕು ಹಿಡಿದ ತಗಡಿನ ಮಾಡು, ಒಳಗೆ ತೂತಾದ ಬಕೆಟ್ಟುಗಳು, ಗೋಡೆಯಲ್ಲಿ ಗೆದ್ದಲು. ಅಲ್ಲಿ ನನ್ನ ರಾಜ ರಾಣಿಯರೆಲ್ಲ ಒಂದು ಮಳೆಗಾಲ ಬದುಕುವುದೂ ಅನುಮಾನ. ನಾನು ರೆಕಾರ್ಡುಗಳ ಕಪಾಟಿನ ಮುಂದೆ ಕೈ ಚಾಚಿ ನಿಂತೆ. ಮಂಚವೂ ಇರಲಿ, ಕಪಾಟೂ ಇರಲಿ, ಮಾವ ಸಂಗೀತ ಕೇಳುತ್ತ ಗುಣವಾಗಲಿ ಎಂದೆ. ಅಳುವ ಹೆಂಗಸರ ನಡುವೆ ರೋಗಿಯನ್ನು ಮಲಗಿಸಬೇಕೆ ಎಂದು ಅವಳು. ಮಾತು ಬೆಳೆದು ಪಂದ್ಯಕ್ಕೆ ನಿಂತಿತು. ಷರತ್ತು ಹಾಕಿದವನು ನಾನೇ: ಭಾನುವಾರ ಮಧ್ಯಾಹ್ನ ಮಾವನವರಿಗೆ ಒಂದು ಒಪೆರಾ ಕೇಳಿಸುತ್ತೇನೆ. ಅವರು ತೂಕಡಿಸದೆ ಕೇಳಿದರೆ ರೆಕಾರ್ಡುಗಳು ಕೋಣೆಯಲ್ಲೇ ಉಳಿಯಬೇಕು. ನಿದ್ದೆ ಮಾಡಿದರೆ ಎಲ್ಲವೂ ಶೆಡ್ಡಿಗೆ, ನನ್ನ ಕೈಯಿಂದಲೇ.

ಓದುಗರು ನನ್ನ ಜಾಣತನವನ್ನು ಗಮನಿಸಬೇಕು. ಯಾವ ಮಾತ್ರೆಗೂ ಬಗ್ಗದ ಮನುಷ್ಯ ನನ್ನ ಒಪೆರಾಕ್ಕೆ ನಿದ್ದೆ ಮಾಡುತ್ತಾನೆಯೇ? ಗೆದ್ದ ಪಂದ್ಯವನ್ನೇ ನಾನು ಕಟ್ಟಿದ್ದೆ.

ಭಾನುವಾರ ಮಾವನವರನ್ನು ಕೋಣೆಯ ಆರಾಮಕುರ್ಚಿಯಲ್ಲಿ ಕೂರಿಸಿ, ಕಾಲ ಕೆಳಗೆ ದಿಂಬಿಟ್ಟೆವು. ಹೆಂಡತಿ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತ ಕುಳಿತಳು, ತೀರ್ಪುಗಾರ್ತಿಯಾಗಿ. ಮಗಳು ಸಾಕ್ಷಿ. ನಾನು ಕೈ ತೊಳೆದು, ಒರೆಸಿ, ರೆಕಾರ್ಡನ್ನು ಹಸುಗೂಸಿನಂತೆ ಅಂಗೈ ಮೇಲೆ ತಂದು ಗ್ರಾಮಫೋನಿನಲ್ಲಿಟ್ಟು, ಪೀಠಿಕೆ ಹಾಕಿದೆ. ಒಬ್ಬಳು ರಾಣಿ. ಯುದ್ಧಕ್ಕೆ ಹೋದ ಪ್ರಿಯನಿಗಾಗಿ ಕಾಯುತ್ತಾಳೆ. ಆ ಕಾಲದ ಹಾಡುಗಳಲ್ಲಿ ಒಂದು ಮಾತನ್ನು ಹಾಡಿ, ಬೇರೆಡೆಗೆ ಹೋಗಿ, ಮತ್ತೆ ಅದೇ ಮಾತಿಗೆ ಮರಳುವುದೇ ಸೊಗಸು. "ಮಾತು ಅದೇ, ಮಾವ. ಭಾವ ಮಾತ್ರ ಪ್ರತಿ ಸಲ ಬೇರೆ. ಅದನ್ನು ಹಿಡೀಬೇಕು" ಎಂದೆ. ಮಾವ ವಿನಯದಿಂದ ತಲೆಯಾಡಿಸಿದರು.

ಮೊದಲ ರೆಕಾರ್ಡು ಮುಗಿಯಿತು. ಮಾವನವರ ಕಣ್ಣು ಗೂಬೆಯ ಕಣ್ಣಿನಷ್ಟು ಅಗಲವಾಗಿತ್ತು. ಎರಡನೆಯದೂ ಮುಗಿಯಿತು. ಹೆಂಡತಿಯತ್ತ ಒಂದು ನಗೆ ಎಸೆದು, ಕೊನೆಯದನ್ನು ಹಾಕಿದೆ. ರಾಣಿ ಕೋಟೆಯ ಮೇಲೆ ನಿಂತು ಪ್ರಿಯನನ್ನು 'ಮರಳಿ ಬಾ' ಎಂದು ಕರೆಯುವ ಹಾಡು. ನಾನು ಕಣ್ಣು ಮುಚ್ಚಿ, ಬೆರಳೆತ್ತಿ ವ್ಯಾಖ್ಯಾನ ಶುರುಮಾಡಿದೆ.

"ಮರಳಿ ಬಾ. ಇದರಲ್ಲಿ ಆಸೆ ಇದೆ, ಕೇಳಿ."

ಮರಳಿ ಬಾ.

"ಈಗ ಅನುಮಾನ. ದನಿ ಸ್ವಲ್ಪ ನಡುಗ್ತು, ಗೊತ್ತಾಯ್ತಾ?"

ಮರಳಿ ಬಾ.

"ಇದು ಕೋಪ. ಎಂಥಾ ಸಂಯಮದ ಕೋಪ ನೋಡಿ."

ಹೀಗೆ ಆಸೆ, ಅನುಮಾನ, ಕೋಪ, ವೈರಾಗ್ಯ, ಮತ್ತೆ ಆಸೆ, ತಾಯ್ತನ, ದೇಶಾಭಿಮಾನ. ಭಾವಗಳ ಭಂಡಾರ ಬರಿದಾಗುತ್ತ ಬಂತು; ರಾಣಿ ಮಾತ್ರ ಬಿಡಲಿಲ್ಲ. ನಾನು ಹಸಿವು ಎಂಬ ಭಾವವನ್ನು ಸೇರಿಸಬಹುದೇ ಎಂದು ಯೋಚಿಸುತ್ತಿದ್ದಾಗ ಮಗಳು ಹೇಳಿದಳು.

"ಅಪ್ಪ, ಮುಳ್ಳು ಸಿಕ್ಕಾಕ್ಕೊಂಡಿದೆ."

ಕಣ್ಣು ತೆರೆದೆ. ಮುಳ್ಳು ಒಂದು ಗೀರಿಗೆ ಬಂದು, ಸಣ್ಣಗೆ ಎಗರಿ, ಹಿಂದಕ್ಕೆ ಬಿದ್ದು, ಮತ್ತೆ ಅಲ್ಲಿಗೇ ಬರುತ್ತಿತ್ತು. ಧಾವಿಸಿ ಕೈ ಚಾಚಿದೆ. ಅಷ್ಟರಲ್ಲಿ ಹೆಂಡತಿ ನನ್ನ ಮಣಿಕಟ್ಟು ಹಿಡಿದಳು.

"ಮುಟ್ಟಿದ್ರೆ ನೋಡಿ" ಎಂದಳು, ಪಿಸುದನಿಯಲ್ಲಿ.

ಮಾವನವರ ಗದ್ದ ಎದೆಗಿಳಿದಿತ್ತು. ಬಾಯಿ ತುಸು ತೆರೆದಿತ್ತು. ಒಂದು 'ಮರಳಿ ಬಾ'ಗೆ ಉಸಿರು ಒಳಕ್ಕೆ, ಇನ್ನೊಂದು 'ಮರಳಿ ಬಾ'ಗೆ ಹೊರಕ್ಕೆ. ಹೆಂಡತಿ ಮಡಿಲಿನ ಅವರೆಕಾಳು ಹಾಗೇ ಬಿಟ್ಟು ಅಪ್ಪನನ್ನೇ ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಅಪ್ಪನಿಗೆ ಬುತ್ತಿ ಒಯ್ದರೆ ಅವರು ಯಂತ್ರದ ಪಕ್ಕ ಕಾಗದದ ಕಟ್ಟಿಗೆ ತಲೆ ಕೊಟ್ಟು ಮಲಗಿರುತ್ತಿದ್ದರಂತೆ. ಯಂತ್ರ ಹಾಳೆ ಎಳೆದು, ಒತ್ತಿ, ಹೊರಗೆಸೆದು, ಮತ್ತೆ ಎಳೆಯುವ ಸದ್ದಿನಲ್ಲಿ ಅವರಿಗೆ ಗಾಢ ನಿದ್ದೆ. ಯಂತ್ರ ನಿಂತರೆ ತಟ್ಟನೆ ಎಚ್ಚರ. ಅದನ್ನು ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಬೇರೆ ಕಾರಣಕ್ಕೆ. ಮುಳ್ಳು ಸವೆಯುತ್ತಿತ್ತು.

ಪಂದ್ಯದ ಪ್ರಕಾರ ನಾನು ಸೋತಿದ್ದೆ. ಸಂಜೆ ಪೆಟ್ಟಿಗೆ ತಂದು ರೆಕಾರ್ಡುಗಳನ್ನು ತುಂಬತೊಡಗಿದಾಗ ಹೆಂಡತಿ ತಡೆದಳು. ಮಾವ ಎದ್ದು, ಎರಡು ಸಲ ಬಡಿಸಿಕೊಂಡು ಊಟ ಮಾಡಿದ್ದರು.

"ಎಲ್ಲಾ ಇಲ್ಲೇ ಇರ್ಲಿ ಬಿಡಿ. ಇದು ಸವೆದ್ಹೋದ್ರೆ ಬದಲಿಗೆ ಇನ್ನೊಂದು ಬೇಕಾಗುತ್ತಲ್ಲ."

ಹೀಗೆ ನನ್ನ ದೊರೆಯ ಸಮಗ್ರ ಕೃತಿಗಳು ಔಷಧದ ದಾಸ್ತಾನು ಎಂಬ ಲೆಕ್ಕದಲ್ಲಿ ಉಳಿದುಕೊಂಡವು. ಮಂಚ ಕೋಣೆಗೆ ಬಂತು. ಊಟವಾದ ಮೇಲೆ ಮಾತ್ರೆ ಕೊಡುವ ಕೆಲಸ ಮಗಳದು, ರಾಣಿಯನ್ನು ಗೀರಿನ ಮೇಲೆ ನಿಲ್ಲಿಸುವ ಕೆಲಸ ನನ್ನದು. ಮಾವನವರ ಕೆನ್ನೆ ತುಂಬಿಕೊಂಡಿತು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡತೊಡಗಿದರು. ಮನೆಯವರೆಲ್ಲ ರಾಣಿಯನ್ನು ಹೊಗಳಿದರು. ನನಗೆ ಮಾತ್ರ ಅನ್ನ ಸೇರದಾಯಿತು. ಮುಂದೆ ಅಷ್ಟು ಸಂಗೀತ ಬಾಕಿ ಇರುವಾಗ ಒಂದು ಮಾತಿಗೆ ಜೋತುಬಿದ್ದಿರುವುದೆಂದರೆ ಅದು ಆ ಮಹಾಪುರುಷನಿಗೆ ದ್ರೋಹ.

ಒಂದು ದಿನ ಕಚೇರಿಯಿಂದ ಬರುತ್ತ ರಿಪೇರಿ ಅಂಗಡಿ ಹೊಕ್ಕೆ. ಹಳೆಯ ಮುಳ್ಳು ಮೊಂಡಾಗಿದೆ, ಹೊಸದು ಹಾಕಿದರೆ ಗೀರನ್ನು ದಾಟೀತು ಎಂದ ಅಂಗಡಿಯವನು. ಕೊಂಡು ತಂದು, ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಹಾಕಿದೆ. ಹಳೆಯದನ್ನು ಕಸದ ಬುಟ್ಟಿಗೆ ಎಸೆದೆ.

ಅಂದು ರಜೆ. ಮಧ್ಯಾಹ್ನ ಮಾವ ಮಲಗಿದರು. ರಾಣಿ ಒಮ್ಮೆ ಕರೆದಳು. ಗೀರು ಬಂತು. ಮುಳ್ಳು ರಾಜಹಂಸದಂತೆ ಅದನ್ನು ದಾಟಿತು! ಕಹಳೆಗಳು ಮೊಳಗಿದವು. ನಗಾರಿ ಗುಡುಗಿತು. ಮಾವ ಮಂಚದ ಮೇಲೆ ಎದ್ದು ಕುಳಿತು, "ಯಂತ್ರ ಯಾರು ನಿಲ್ಸಿದ್ದು?" ಎಂದು ಕೂಗಿದರು. ಹೆಂಡತಿ ಸೌಟು ಹಿಡಿದು ಓಡಿಬಂದಳು.

"ಏನ್ ಮಾಡಿದ್ರಿ?"

"ಸರಿ ಮಾಡ್ದೆ ಕಣೇ."

"ಸರಿ ಮಾಡಿ ಅಂತ ಯಾರು ಹೇಳಿದ್ರು ನಿಮ್ಗೆ? ಕೆಡಿಸಿ ಮೊದ್ಲು."

ನಾನು ನನ್ನ ಘನತೆಯನ್ನೆಲ್ಲ ಒಟ್ಟುಗೂಡಿಸಿ, ಇಪ್ಪತ್ತು ವರ್ಷದಿಂದ ಕೇಳುತ್ತಿರುವ ಒಪೆರಾ ಇದು, ಇದರಲ್ಲಿ ಗೀರಿದೆಯೆಂದೇ ನನಗೆ ಗೊತ್ತಿರಲಿಲ್ಲ, ಇದು ಈ ಮನೆಯವರಲ್ಲಿ ಯಾರದೋ ಕೈಚಳಕ ಎಂದೆ. ಅವಳು ಸೌಟು ಕೆಳಗಿಳಿಸಿದಳು.

"ಗೀರು ಕೊಂಡು ತಂದಾಗಿಂದ್ಲೂ ಇದೆ. ಕೊನೇ ರೆಕಾರ್ಡು ಹಾಕ್ತಿದ್ದ ಹಾಗೆ ನೀವು ಗೊರಕೆ ಶುರು ಮಾಡ್ತೀರಿ. ಅವಳು ಬಾ ಬಾ ಅಂತ ಒಂದೇ ಸಮ ಬಡ್ಕೊಳ್ತಾಳೆ. ಪ್ರತಿ ಸಲ ಬಂದು ಮುಳ್ಳು ಎತ್ತಿಡೋಳು ನಾನು."

ನಾನು ಕಸದ ಬುಟ್ಟಿಯ ಕಡೆ ನಡೆದೆ. ಅವರೆಕಾಯಿ ಸಿಪ್ಪೆ, ಚಹಾದ ಗಸಿ, ಮಗಳ ಪೆನ್ಸಿಲಿನ ಹೊಟ್ಟು. ಎಲ್ಲದರ ತಳದಲ್ಲಿ ಮುಳ್ಳು ಸಿಕ್ಕಿತು. ತೊಳೆದು, ಒರೆಸಿ, ಹಸುಗೂಸಿನಂತೆ ಅಂಗೈ ಮೇಲೆ ತಂದು, ಅದರ ಜಾಗದಲ್ಲಿಟ್ಟೆ.

ರಾಣಿ ಮತ್ತೆ ಕರೆಯತೊಡಗಿದಳು. ಮಾವ ದಿಂಬಿಗೆ ಒರಗಿದರು. ರೆಪ್ಪೆ ಇಳಿಯುತ್ತಿತ್ತು. ಸಟ್ಟನೆ ಒಂದು ಕಣ್ಣು ತೆರೆದು ಕೇಳಿದರು, "ಅಳಿಯಂದ್ರೇ, ಅವನು ಕೊನೆಗೆ ವಾಪಸ್ ಬರ್ತಾನಾ?"

ಈ ಮನೆಯಲ್ಲಿ ಉಣ್ಣೆತಾತನ ಬಗ್ಗೆ ಒಬ್ಬರು ತಾವಾಗಿ ಕೇಳಿದ ಮೊಟ್ಟಮೊದಲ ಪ್ರಶ್ನೆ ಅದು. ಇದಕ್ಕಾಗಿ ನಾನು ಅರ್ಧ ಆಯುಷ್ಯ ಕಾದಿದ್ದೆ. ಗಂಟಲು ಸರಿಮಾಡಿಕೊಂಡು, ಬೆರಳೆತ್ತಿ, ಬಾಯಿ ತೆರೆದೆ. ಬಾಗಿಲಲ್ಲಿ ಹೆಂಡತಿ ಸೌಟಿನೊಂದಿಗೆ ಕಾಯುತ್ತಿದ್ದಳು.

"ಗೊತ್ತಿಲ್ಲ ಮಾವ" ಎಂದೆ. "ಅಷ್ಟು ಹೊತ್ತಿಗೆ ನಾನೂ ಮಲಗಿಬಿಟ್ಟಿರ್ತೀನಿ."

ಮಾವ ಆಪರೇಷನ್ ಆದ ಕಾಲನ್ನು ಎರಡೂ ಕೈಯಿಂದ ಎತ್ತಿ ಗೋಡೆಯ ಕಡೆ ಸರಿಸಿಕೊಂಡು, ಮಂಚದ ಈಚೆ ಬದಿಯನ್ನು ಅಂಗೈಯಿಂದ ತಟ್ಟಿದರು.

"ಹಾಗಾದ್ರೆ ನಿಂತ್ಕೊಂಡ್ಯಾಕೆ? ಬನ್ನಿ, ಜಾಗ ಇದೆ."

ಮುಂದಿನದು ನಾನು ಕಂಡದ್ದಲ್ಲ, ಮಗಳು ಹೇಳಿದ್ದು. ರಾಣಿ ತುಂಬ ಹೊತ್ತು ಕರೆದಳಂತೆ. ಕೊನೆಗೆ ಬಂದವಳು ನನ್ನ ಹೆಂಡತಿ. ನಮ್ಮಿಬ್ಬರಿಗೂ ಹೊದಿಕೆ ಹೊದಿಸಿ, ಮುಳ್ಳನ್ನು ಮುಟ್ಟದೆ ಬಾಗಿಲು ಎಳೆದುಕೊಂಡು ಹೋದಳಂತೆ.