ಎರಡು ಬೆರಳು ಸಡಿಲ

ಸೊಸೆಯ ಹೊಟ್ಟೆಯ ವಿಷಯ ಅತ್ತೆಯಾದವಳು ಬರೆಯಬಾರದು, ನನಗೂ ಗೊತ್ತು. ಆದರೆ ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ, ಏನನ್ನೂ ಮುಚ್ಚಿಡಬಾರದು ಎಂಬ ಷರತ್ತಿನ ಮೇಲೆ.

ನನ್ನ ಸೊಸೆ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರು. ಅವಳಿ ಗಂಡುಮಕ್ಕಳನ್ನು ಹೆತ್ತು ನಾಲ್ಕು ವರ್ಷವಾಯಿತು. ಮಕ್ಕಳು ಹೊರಗೆ ಬಂದ ಸುದ್ದಿ ಹೊಟ್ಟೆಗೆ ಮಾತ್ರ ಇನ್ನೂ ಮುಟ್ಟಿರಲಿಲ್ಲ. ಪಾಪ, ಓಡಿದಳು, ಬಾಗಿದಳು, ಅರ್ಧ ಊಟ ಬಿಟ್ಟಳು. ಕೈಕಾಲು ಸಣ್ಣಗಾದವು, ಕೆನ್ನೆ ಒಳಗೆ ಹೋಯಿತು, ಹೊಟ್ಟೆಯ ಚರ್ಮ ಖಾಲಿ ಚೀಲದ ಹಾಗೆ ಜೋತುಕೊಂಡೇ ಇತ್ತು. ಶಾಲೆಗೆ ವರ್ಷವರ್ಷ ಹೊಸ ಮಕ್ಕಳು, ವರ್ಷವರ್ಷ ಅದೇ ಪ್ರಶ್ನೆ: ಮಿಸ್, ಪಾಪು ಯಾವಾಗ ಬರುತ್ತೆ? ಒಂದು ಹುಡುಗಿಯಂತೂ ಬರಲಿರುವ ಪಾಪುವಿಗೆ ಕೊಡಿ ಅಂತ ಬಣ್ಣದ ಆನೆ ಬರೆದು ತಂದುಕೊಟ್ಟಿತು. ಆ ದಿನ ಇವಳು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. (ನಲ್ಲಿ ಬಿಟ್ಟರೆ ಅಳು ಕೇಳಿಸುವುದಿಲ್ಲ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ. ಕೇಳಿಸುತ್ತದೆ.)

ಹೀಗೆ ನಮ್ಮ ಮನೆಯಲ್ಲಿ ಉದರ ಜೀರ್ಣೋದ್ಧಾರದ ತೀರ್ಮಾನವಾಯಿತು. ಡಾಕ್ಟರಮ್ಮನ ಹತ್ತಿರ ಅವಳ ಜೊತೆ ನಾನೇ ಹೋದೆ. ನನ್ನ ಮಗ ಕತ್ತಿ ಅನ್ನುವ ಮಾತು ಕೇಳಿದರೇ ಗೋಡೆ ಹಿಡಿದುಕೊಳ್ಳುವ ವೀರ. ನಮ್ಮ ಯಜಮಾನರು ಇಂಥ ವಿಷಯ ಬಂದರೆ ಪೇಪರು ಅಡ್ಡ ಹಿಡಿಯುತ್ತಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ನಲವತ್ತು ವರ್ಷ ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ ಕೊಟ್ಟವಳು. ಆ ಕಸುಬಿನಲ್ಲಿ ಬಾಯಿಗಿಂತ ಕಿವಿಗೇ ಕೆಲಸ ಹೆಚ್ಚು.

ಡಾಕ್ಟರಮ್ಮ ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಬಸುರಿನಲ್ಲಿ ದೂರ ಸರಿದ ಮಾಂಸಖಂಡಗಳನ್ನು ಹತ್ತಿರ ತಂದು ಹೊಲಿಯುತ್ತಾರಂತೆ. ಮೇಲಿನ ಚರ್ಮವನ್ನು ಕೆಳಗೆಳೆದು ಹೆಚ್ಚಾದದ್ದನ್ನು ಕತ್ತರಿಸುತ್ತಾರಂತೆ. ಹೊಕ್ಕುಳಿಗೆ ಹೊಸ ಜಾಗದಲ್ಲಿ ತೂತು ಮಾಡಿ ಕೂಡಿಸುತ್ತಾರಂತೆ. ಸೊಸೆ ಬೆವರುತ್ತಿದ್ದಳು. ನನಗೆ ಎಲ್ಲವೂ ಥಟ್ಟನೆ ಅರ್ಥವಾಯಿತು. ಅಸ್ತರು ಸೇರಿಸಿ ಹೊಲಿದು, ಮೇಲಿನ ಬಟ್ಟೆ ಎಳೆದು, ಕಾಜಾ ಹೊಸದಾಗಿ ಕೊಯ್ಯುವುದು, ಅಷ್ಟೇ ತಾನೆ. ಯಾವ ನೂಲು ಹಾಕ್ತೀರಿ ಅಂತ ಒಂದೇ ಪ್ರಶ್ನೆ ಕೇಳಿದೆ. ಇದುವರೆಗೆ ಯಾರೂ ಕೇಳಿರಲಿಲ್ಲ ಅಂದರು.

ಆಮೇಲೆ ನಿಯಮಗಳು ಬಂದವು. ಮೊದಲ ವಾರ ಬಗ್ಗಿಯೇ ನಡೆಯಬೇಕು. ಮಲಗುವಾಗ ಮಂಡಿ ಎತ್ತರಕ್ಕಿರಬೇಕು. ಒಳಗಿನ ನೀರು ಹೊರಗೆ ಬರಲು ಎರಡು ಕೊಳವೆ ಇರುತ್ತವೆ. ಕೆಮ್ಮು, ಸೀನು, ನಗು ಬಂದರೆ ದಿಂಬು ಅವುಚಿಕೊಳ್ಳಬೇಕು. ಆರು ವಾರ ಮಕ್ಕಳನ್ನು ಎತ್ತುವಂತಿಲ್ಲ. ಹೊಟ್ಟೆ ಕೆಲವು ತಿಂಗಳು ಮರಗಟ್ಟಿದ ಹಾಗಿರುತ್ತದೆ, ಊತ ನಿಧಾನಕ್ಕೆ ಇಳಿಯುತ್ತದೆ, ಗಾಯದ ಗೆರೆ ಮಾಸಲು ವರ್ಷ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಬೆಲ್ಟು. ಆರು ವಾರ ಹಗಲೂ ರಾತ್ರಿ ಬಿಗಿಯಾಗಿ ಹಾಕಿರಬೇಕು. ಸಡಿಲವಾದರೆ ಚರ್ಮದ ಕೆಳಗೆ ನೀರು ತುಂಬಬಹುದು, ಆಗ ಸೂಜಿ ಚುಚ್ಚಿ ತೆಗೆಯಬೇಕಾಗುತ್ತದೆ.

ಸೂಜಿ ಅಂದ ತಕ್ಷಣ ಸೊಸೆಯ ಮುಖ ಸುಣ್ಣವಾಯಿತು. ಅವಳಿಗಳನ್ನು ಹೆತ್ತ ಗಟ್ಟಿಗಿತ್ತಿ, ಸೂಜಿ ಕಂಡರೆ ಮಾತ್ರ ಮಗು. ಮಕ್ಕಳಿಗೆ ಲಸಿಕೆ ಹಾಕಿಸುವಾಗ ನರ್ಸಮ್ಮ ಮೊದಲು ಇವಳಿಗೇ ಕುರ್ಚಿ ಹಾಕುತ್ತಿದ್ದರು.

ನಾನು ಅವಳ ಕೈ ಹಿಡಿದುಕೊಂಡೆ. "ಬೆಲ್ಟಿನ ಜವಾಬ್ದಾರಿ ನನಗೆ ಬಿಡು. ಸೂಜಿ ನಿನ್ನ ಹತ್ತಿರ ಸುಳಿಯೋಕೆ ಬಿಡಲ್ಲ."

ಆಪರೇಷನ್ ಚೆನ್ನಾಗಿಯೇ ಆಯಿತು. ಸೊಸೆ ನೆಲದಲ್ಲಿ ಬಿದ್ದ ಗುಂಡಿ ಹುಡುಕುವವಳ ಹಾಗೆ ಬಗ್ಗಿಕೊಂಡು ಮನೆಗೆ ಬಂದಳು. ಬಾಯಿ ಬಿಟ್ಟರೆ ತಮಾಷೆ ಮಾಡುವ ನನ್ನ ಮಗನಿಗೆ ಅವಳ ಕೋಣೆಯಲ್ಲಿ ಮಾತಾಡಬಾರದು ಅಂತ ಕಟ್ಟಪ್ಪಣೆಯಾಯಿತು. ಮದುವೆಯಾದ ಮೇಲೆ ಇಷ್ಟು ನೆಮ್ಮದಿ ಸಿಕ್ಕಿದ್ದೇ ಈಗ ಅಂತ ಅವಳು ದಿಂಬು ಅವುಚಿಕೊಂಡು ನಕ್ಕಳು. ಮೊಮ್ಮಕ್ಕಳು ನನ್ನ ಪಾಲಿಗೆ ಬಂದರು. ತಲಾ ಹದಿನಾರು ಕಿಲೋ. ಒಬ್ಬನನ್ನು ಎತ್ತಿಕೊಂಡರೆ ಇನ್ನೊಬ್ಬನಿಗೂ ಅದೇ ಕ್ಷಣ ಕಾಲು ನೋಯುತ್ತದೆ.

ಎಂಟನೇ ದಿನ ಕೊಳವೆಗಳನ್ನು ತೆಗೆದರು. ಉಳಿದದ್ದು ಬೆಲ್ಟು. ಎದೆಯ ಕೆಳಗಿನಿಂದ ತೊಡೆಯವರೆಗೆ, ಮುಂದೆ ಸಾಲಾಗಿ ಇಪ್ಪತ್ತೆರಡು ಹುಕ್ಕು. ಒಂದನ್ನು ಹಾಕಿಕೊಂಡರೆ ಇನ್ನೊಂದು ಒಗೆದು ಒಣಹಾಕಲು, ಹೀಗೆ ಎರಡು ಕೊಟ್ಟಿದ್ದರು. ಸೊಸೆ ಒಂದು ದಿನವೂ ಗೊಣಗಲಿಲ್ಲ. ಆದರೆ ಉಸಿರು ಅರ್ಧಕ್ಕೇ ನಿಲ್ಲುವುದು ನನಗೆ ಕೇಳಿಸುತ್ತಿತ್ತು. ಕನ್ನಡಿ ಮುಂದೆ ನಿಂತು "ಸರಿಯಾಗಿದೆ, ಸರಿಯಾಗಿದೆ" ಅನ್ನುವ ಎಷ್ಟು ಗಿರಾಕಿಗಳನ್ನು ನೋಡಿಲ್ಲ ನಾನು. ಬಾಯಿ ಸರಿ ಅನ್ನುತ್ತದೆ, ಪಕ್ಕದ ಹೊಲಿಗೆ ಸತ್ತೆ ಅನ್ನುತ್ತಿರುತ್ತದೆ.

ಹನ್ನೆರಡನೇ ದಿನ ಒಣಗಿದ ಬೆಲ್ಟನ್ನು ಮಡಿಚುತ್ತಾ ಒಳಮಗ್ಗುಲು ತಿರುಗಿಸಿದೆ. ಎರಡೂ ಪಕ್ಕದಲ್ಲಿ ಒಂದೊಂದು ಬೆರಳಿನಷ್ಟು ಬಟ್ಟೆ ಹೊಲಿಗೆಯೊಳಗೆ ಮಡಿಚಿಟ್ಟಿದ್ದರು. ಹಾಗೆ ಬಟ್ಟೆ ಬಿಟ್ಟಿದ್ದಾರೆ ಅಂದರೆ ಬೇಕಾದಾಗ ಬಿಚ್ಚಿಕೊಳ್ಳಿ ಅಂತಲೇ ಅರ್ಥ. ನಮ್ಮ ಕಸುಬಿನಲ್ಲಂತೂ ಅದೇ. ಡಾಕ್ಟರಮ್ಮನ ಮಾತು ನೆನಪಿರಲಿಲ್ಲ ಅಂತಲ್ಲ, ನೆನಪಿತ್ತು. ಆದರೂ ಅರ್ಧರ್ಧ ಬೆರಳು ತಾನೆ ಅಂದುಕೊಂಡು ಬಿಚ್ಚಿ, ಮತ್ತೆ ಹೊಲಿದೆ. ಮಾರನೆಯ ದಿನ ಇನ್ನೊಂದು ಬೆಲ್ಟಿಗೂ ಅದೇ ಉಪಚಾರ.

ಎರಡು ದಿನ ಬಿಟ್ಟು ಸೊಸೆ ಅಡುಗೆಮನೆಗೆ ಬಂದಳು. ಮುಖ ಅರಳಿತ್ತು.

"ಅತ್ತೆ, ಬೆಲ್ಟ್ ಸಡಿಲ ಆಗ್ತಿದೆ. ಇಳೀತಿದ್ದೀನಿ ನಾನು."

ಆಗಲೇ ಹೇಳಬೇಕಿತ್ತು. ನಾಲ್ಕು ವರ್ಷದಲ್ಲಿ ಅವಳು ತನ್ನ ಹೊಟ್ಟೆಯ ವಿಷಯ ನಗುತ್ತಾ ಹೇಳಿದ್ದು ಅದೇ ಮೊದಲು. ಹೌದಮ್ಮ, ಇಳಿದಿದ್ದೀಯ ಅಂದೆ. ಅಂದಮೇಲೆ ಆ ಮಾತು ಉಳಿಸಿಕೊಳ್ಳಬೇಕಲ್ಲ. ಪಕ್ಕಕ್ಕೆ ಇನ್ನೂ ಅರ್ಧ ಬೆರಳು ಬಿಚ್ಚಿದೆ. ಎರಡೂ ಪಕ್ಕ ಸೇರಿ ಒಟ್ಟು ಎರಡು ಬೆರಳಾಯಿತು. ಅವಳು ಇನ್ನಷ್ಟು "ಇಳಿದಳು".

ಮೂರು ವಾರಕ್ಕೆ ತಪಾಸಣೆ. ಒಳಗೆ ಕಾಲಿಡುತ್ತಿದ್ದಂತೆ ಅಲ್ಲಿನ ಆಯಾ ಓಡಿಬಂದು ನನ್ನ ತೋಳು ಹಿಡಿದಳು. "ನಿಧಾನ ಅಮ್ಮ. ಆಪರೇಷನ್ ಆಗಿ ಎಷ್ಟು ದಿನ ಆಯ್ತು ನಿಮಗೆ?" ಆಗ ನೋಡಿಕೊಂಡೆ. ಸೊಸೆ ಫೈಲು ಹಿಡಿದು ನೆಟ್ಟಗೆ ನಿಂತಿದ್ದಳು. ಮೂರು ವಾರ ಹದಿನಾರು ಮತ್ತು ಹದಿನಾರು ಕಿಲೋ ಹೊತ್ತ ನಾನು ಅವಳ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯಾಗಿದ್ದೆ.

ಡಾಕ್ಟರಮ್ಮ ಸೊಸೆಯ ಹೊಟ್ಟೆಯ ಮೇಲೆ ಬೆರಳಿಟ್ಟು ತಟ್ಟಿದರು. ಚರ್ಮ ನೀರಿನ ಚೀಲದ ಹಾಗೆ ಅಲೆಯಾಡಿತು. ಬೆಲ್ಟು ಹಾಕುತ್ತಿಲ್ಲವಾ ಅಂತ ಕೇಳಿದರು. ಹಗಲೂ ರಾತ್ರಿ ಹಾಕ್ತೀನಿ, ಸಡಿಲ ಆಗೋಷ್ಟು ಇಳಿದಿದ್ದೀನಿ ಅಂತ ಅವಳು ಹೆಮ್ಮೆಯಿಂದ ಹೇಳಿದಳು. ಅವರು ಬೆಲ್ಟನ್ನು ತಿರುಗಿಸಿ ಹೊಲಿಗೆಯ ಮೇಲೆ ಬೆರಳಾಡಿಸಿದರು. ಎಷ್ಟಾದರೂ ಅವರೂ ಹೊಲಿಯುವವರು.

"ಇದು ಕಾರ್ಖಾನೆ ಹೊಲಿಗೆ ಅಲ್ಲ. ತುಂಬಾ ನೀಟಾಗಿದೆ. ಯಾರದ್ದು?"

ನನ್ನ ಹೊಲಿಗೆಯನ್ನು ಯಾರಾದರೂ ಹೊಗಳಿದಾಗ ನೆಲ ಬಿರಿಯಬಾರದೇ ಅನ್ನಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ. ನನ್ನದು ಅಂದೆ. ಸೊಸೆ ತಿರುಗಿ ನೋಡಿದಳು.

ಸೂಜಿ ಬಂತು. ಅವಳು ಕಣ್ಣು ಮುಚ್ಚಿಕೊಂಡು ನನ್ನ ಅಂಗೈಯನ್ನು ಹಿಂಡಿದಳು, ಉಗುರಿನ ಗುರುತು ಎರಡು ದಿನ ಇತ್ತು. ಬಿಗಿಯಾಗಿದ್ದರೂ ಕೆಲವರಿಗೆ ನೀರು ತುಂಬುತ್ತದೆ, ತಪ್ಪೆಲ್ಲ ಅತ್ತೆಯದೇ ಅನ್ನಲಾಗದು, ಇನ್ನೆರಡು ಸಲ ತೆಗೆದರೆ ನಿಲ್ಲುತ್ತದೆ, ಆಕಾರ ಕೆಡುವುದಿಲ್ಲ ಅಂತ ಡಾಕ್ಟರಮ್ಮ ಧೈರ್ಯ ಹೇಳಿದರು. ಬೆಲ್ಟು ಮಾತ್ರ ಒಂದು ವಾರ ಹೆಚ್ಚಿಗೆ.

"ಹೇಳಬಹುದಿತ್ತಲ್ಲ ಅತ್ತೆ."

"ನೀನು ಒದ್ದಾಡೋದು ನೋಡೋಕಾಗ್ಲಿಲ್ಲ ಕಣೇ."

"ನಾನು ತಡ್ಕೊಂಡಿದ್ದೆ. ನಿಮಗೇ ತಡ್ಕೊಳ್ಳೋಕಾಗ್ಲಿಲ್ಲ."

ತಾಳ್ಮೆಗೆ ಹೆಸರಾದವಳು ನಾನು. ಎದ್ದು ಹೊರಗೆ ಹೋಗೋಣ ಅಂದುಕೊಂಡೆ. ಸೊಂಟ ಏಳಲಿಲ್ಲ.

ಡಾಕ್ಟರಮ್ಮ ನನ್ನ ಬೆನ್ನು ಒತ್ತಿ ನೋಡಿ, ಮೊಮ್ಮಕ್ಕಳ ತೂಕ ಕೇಳಿ, ಪಕ್ಕದ ಕೋಣೆಯ ಮೂಳೆ ಡಾಕ್ಟರಿಗೆ ಒಪ್ಪಿಸಿದರು. ಅವರು ಆರು ವಾರ ಭಾರ ಎತ್ತಬಾರದು, ಮಿಷನ್ ತುಳಿಯಬಾರದು ಅಂದು, ಒಳಗೆ ಉಕ್ಕಿನ ಪಟ್ಟಿಗಳಿರುವ ಒಂದು ಬೆಲ್ಟು ಬರೆದುಕೊಟ್ಟರು. ಹೇಗೆ ಬಿಗಿಯಬೇಕು ಅನ್ನುವುದನ್ನು ಸೊಸೆ ಎರಡು ಸಲ ಕೇಳಿ ತಿಳಿದುಕೊಂಡಳು.

ನೀರು ನಿಂತಿತು. ಸೊಸೆಯ ಬೆಲ್ಟು ಕಳಚಿತು. ಈಗ ಅವಳು ಶಾಲೆಗೆ ನೆಟ್ಟಗೆ ಹೋಗುತ್ತಾಳೆ, ನೆಟ್ಟಗೆ ಬರುತ್ತಾಳೆ. ನನ್ನದಕ್ಕೆ ಇನ್ನೂ ಎರಡು ವಾರ ಬಾಕಿ. ದಿನಾ ಬೆಳಿಗ್ಗೆ ಹೊರಡುವ ಮುಂಚೆ ಅವಳು ನನ್ನ ಹಿಂದೆ ನಿಂತು ಪಟ್ಟಿ ಎಳೆಯುತ್ತಾಳೆ. ಸಿಟ್ಟಿಲ್ಲ, ಬೈಗುಳವಿಲ್ಲ. ಎಳೆತ ಮಾತ್ರ ಇದೆ.

ನಿನ್ನೆ ತಡೆಯಲಾಗದೆ ಯಜಮಾನರನ್ನು ಕರೆದು, ಒಂದು ಬೆರಳು ಸಡಿಲ ಮಾಡಿ ಅಂತ ಬೇಡಿಕೊಂಡೆ. ಪೇಪರು ಮಡಿಚಿಟ್ಟು, ಉಸಿರು ಬಿಗಿಹಿಡಿದು, ಬಹಳ ಹೊತ್ತು ಹೆಣಗಿ ಮಾಡಿಕೊಟ್ಟರು. ಸ್ವರ್ಗ ಸಿಕ್ಕಿದ ಹಾಗಾಯಿತು. ಸಂಜೆ ಸೊಸೆ ಚಪ್ಪಲಿ ಬಿಡುತ್ತಾ ಬಾಗಿಲಲ್ಲೇ ಒಂದು ಗಳಿಗೆ ನಿಂತಳು.

"ಮಾವ, ಅತ್ತೆ ಉಸಿರು ಪೂರ್ತಿ ಕೇಳಿಸ್ತಿದೆ. ಯಾರು ಸಡಿಲ ಮಾಡಿದ್ದು?"

"ನಾನು ಬೇಡ ಅಂದೆ ಕಣಮ್ಮ," ಅಂದರು ನಮ್ಮ ಯಜಮಾನರು, ಪೇಪರಿನ ಹಿಂದಿನಿಂದ. "ಇವಳೇ ಕೇಳಲಿಲ್ಲ."

ಸೊಸೆ ಚೀಲ ಕೆಳಗಿಟ್ಟು ನನ್ನ ಹಿಂದೆ ಬಂದು ನಿಂತಳು. ನಾನು ಎರಡೂ ಕೈ ಎತ್ತಿದೆ.