ಮುಟ್ಟು ನಿಂತ ವರ್ಷ ನಾನು ಹೊಲಿದ ರವಿಕೆಗಳು

ಕತ್ತರಿಯನ್ನು ಕೈಯಲ್ಲೇ ಹಿಡಿದುಕೊಂಡು ಮನೆಯೆಲ್ಲ ಕತ್ತರಿ ಹುಡುಕುವುದು ಒಂದು ಸಲ ಆದರೆ ನಗಬಹುದು. ವಾರಕ್ಕೆ ನಾಲ್ಕು ಸಲ ಆದರೆ ಮನೆಯವರು ನಗುವುದನ್ನು ಬಿಟ್ಟು ಮುಖ ಮುಖ ನೋಡಿಕೊಳ್ಳುತ್ತಾರೆ. ನನಗೆ ನಲವತ್ತೆಂಟು ತುಂಬಿದ ವರ್ಷ, ಎಂಬತ್ತರ ದಶಕದ ನಡುವೆ, ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನಿನ ನಮ್ಮ ಮನೆಯಲ್ಲಿ ಇಂಥದ್ದು ದಿನಕ್ಕೊಂದು ನಡೆಯುತ್ತಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನೇನು ಸಾಮಾನ್ಯದವಳಲ್ಲ. ಲೈನಿನ ಅರ್ಧ ಹೆಂಗಸರ ಮೈಮೇಲಿದ್ದದ್ದು ನನ್ನ ಕೈಯ ರವಿಕೆ. ಬಸ್ ಸ್ಟ್ಯಾಂಡ್ ಹತ್ತಿರದ ಟೈಲರು ಕುತ್ತಿಗೆಗೆ ಟೇಪು, ಕಿವಿಗೆ ಪೆನ್ಸಿಲು, ಪಕ್ಕದಲ್ಲಿ ಅಳತೆ ಪುಸ್ತಕ ಇಟ್ಟುಕೊಂಡು ಹೊಲಿಯುತ್ತಿದ್ದ. ನನಗೆ ಪುಸ್ತಕವೇ ಬೇಕಿರಲಿಲ್ಲ. ಒಂದು ಸಲ ಅಳೆದರೆ ಮುಗಿಯಿತು. ಯಾರ ತೋಳೆಷ್ಟು, ಯಾರ ಬೆನ್ನೆಷ್ಟು, ಯಾರು ಹಬ್ಬ ಕಳೆದ ಮೇಲೆ ಎಷ್ಟು ಊದುತ್ತಾರೆ, ಎಲ್ಲ ತಲೆಯಲ್ಲೇ. ಆ ತಲೆಗೇ ಮಬ್ಬು ಕವಿಯಿತು ನೋಡಿ.

ಹುಕ್ಕಿಗೆ ಹುಕ್ಕು

ನಮ್ಮೂರ ಹೆಣ್ಣುಮಕ್ಕಳ ಸ್ಕೂಲಿನ ಹೆಡ್‌ಮಿಸ್ಟ್ರೆಸ್ಸು ಒಂದು ರೇಷ್ಮೆ ಬಟ್ಟೆ ಕೊಟ್ಟಿದ್ದರು. ಸ್ಕೂಲ್ ಡೇ ದಿನಕ್ಕೆ ರವಿಕೆ ಬೇಕಿತ್ತು. ಹೊಲಿದು, ಇಸ್ತ್ರಿ ಮಾಡಿ, ಪೇಪರಿನಲ್ಲಿ ಸುತ್ತಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಮೇಡಂ ತಾವೇ ಬಂದರು, ಸೆರಗನ್ನು ಮೈತುಂಬ ಬಿಗಿಯಾಗಿ ಸುತ್ತಿಕೊಂಡು.

"ಏನಮ್ಮ, ಇದನ್ನ ಹೇಗೆ ಹಾಕ್ಕೋಬೇಕು ಅಂತ ಸ್ವಲ್ಪ ಹೇಳಿಕೊಡ್ತೀರಾ?"

ನೋಡುತ್ತೇನೆ, ಎಡಗಡೆ ಆರು ಹುಕ್ಕು. ಬಲಗಡೆಯೂ ಆರು ಹುಕ್ಕು. ಸಿಕ್ಕಿಸೋಕೆ ಒಂದು ಕಾಜಾ ಇಲ್ಲ. ಮರ್ಯಾದೆ ಉಳಿಸಿಕೊಳ್ಳಬೇಕಲ್ಲ, "ಇದು ಹೊಸ ಫ್ಯಾಷನ್ನು ಮೇಡಂ" ಅಂದೆ.

"ಓ, ಹಾಗಾ? ಸರಿ, ಫ್ಯಾಷನ್ ಪ್ರಕಾರ ನೀವೇ ಮುಚ್ಚಿಕೊಡಿ" ಅಂದರು.

ಹೊಲಿಗೆಯಲ್ಲೇ ಅದು ಆ ತಿಂಗಳ ನಾಲ್ಕನೆಯ ಅವಾಂತರ. ಅದಕ್ಕೆ ಮುಂಚೆ ಪಕ್ಕದ ಮನೆ ತಮಿಳಮ್ಮನಿಗೆ ಹೊಲಿದ ಲಂಗಕ್ಕೆ ಲಾಡಿ ತೂರಿಸೋ ತೂತನ್ನೇ ಬಿಟ್ಟಿರಲಿಲ್ಲ. ನಮ್ಮ ಯಜಮಾನರು ಗಣಿಯೊಳಗೆ ಇಳಿಯುವವರು, ಮಾತು ಕಮ್ಮಿ. ಅವತ್ತು ಮಾತ್ರ ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿಯೇಬಿಟ್ಟರು.

"ನೋಡೇ, ಇನ್ನೊಂದು ಬಟ್ಟೆ ಕೆಟ್ರೆ ಮಿಷನ್ನು ಬಂಗಾರಪೇಟೆಗೆ ಓಗುತ್ತೆ. ಅಣ್ಣನ ಮಗಳ ಮದುವೆ ವೈಶಾಖಕ್ಕೆ ಐತೆ, ಉಡುಗೊರೆ ಕೊಟ್ಬಿಡ್ತೀನಿ. ಆ ಉಡುಗಿಗೂ ಒಲಿಗೆ ಬರುತ್ತೆ."

ನನ್ನ ಮಿಷನ್ನು! ಒಂದು ಕಾಲದಲ್ಲಿ ಎರಡು ಎಮ್ಮೆ ಕಟ್ಟಿ, ಹಾಲು ಮಾರಿ ತಂದುಕೊಂಡದ್ದು. ಅದು ಹೋದರೆ ಆ ಮನೆಯಲ್ಲಿ ನನ್ನದು ಅಂತ ಏನುಂಟು? ಅವತ್ತು ನಿಜವಾಗಿ ಹೆದರಿದೆ. ನನಗೆ ಹುಚ್ಚು ಹಿಡಿಯುತ್ತಿದೆ ಅಂದುಕೊಂಡು ಬಚ್ಚಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಅಳುತ್ತ ಅಳುತ್ತ ಯಾತಕ್ಕೆ ಅಳುತ್ತಿದ್ದೇನೆ ಅನ್ನೋದೇ ಮರೆತುಹೋಯಿತು. ಮುಖ ತೊಳಕೊಂಡು ಎದ್ದು ಬಂದೆ.

ಬಣ್ಣ ಕಂಡಿತು

ತಮಿಳಮ್ಮ ನನ್ನನ್ನು ಎಳಕೊಂಡು ಲೇಡಿ ಡಾಕ್ಟರ ಹತ್ತಿರ ಹೋದಳು. ಧನುರ್ಮಾಸದ ಚಳಿ. ಸಾಲಿನಲ್ಲಿ ಕೂತವರೆಲ್ಲ ಸ್ವೆಟರು, ಮಂಕಿ ಟೋಪಿ. ನಾನೊಬ್ಬಳು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದೆ.

"ಮುಟ್ಟು ನಿಂತು ಎಷ್ಟು ತಿಂಗಳಾಯ್ತು?" ಅಂದರು ಡಾಕ್ಟ್ರಮ್ಮ.

"ಏಳು."

"ಮೈ ಇದ್ದಕ್ಕಿದ್ದ ಹಾಗೆ ಬಿಸಿ ಆಗುತ್ತಾ?"

"ಬಿಸಿಯಾ? ಬೆನ್ನ ಮೇಲೆ ದೋಸೆ ಹುಯ್ಯಬಹುದು ಡಾಕ್ಟ್ರಮ್ಮ. ಅದು ಹಾಳಾಗಿ ಹೋಗ್ಲಿ, ನನ್ನ ತಲೆಗೆ ಏನಾಯ್ತು ಹೇಳಿ."

"ಏನೂ ಆಗಿಲ್ಲ. ಈ ವಯಸ್ಸಿಗೆ ಬಹಳ ಜನಕ್ಕೆ ಹೀಗೇ, ತಲೆಗೆ ಮಂಜು ಮುಸುಕಿದ ಹಾಗಿರುತ್ತೆ. ನಿಧಾನಕ್ಕೆ ಕರಗುತ್ತೆ" ಅಂದು ಚೀಟಿ ಬರೆದರು. ಬಿ ಕಾಂಪ್ಲೆಕ್ಸು, ಕ್ಯಾಲ್ಸಿಯಂ. ಸೊಪ್ಪು, ರಾಗಿ, ಎಳ್ಳು ತಿನ್ನಬೇಕು. ದಿನಕ್ಕೆ ಆರು ಲೋಟ ಕಾಫಿ ಎರಡಕ್ಕಿಳಿಸಬೇಕು. ಬೆಳಿಗ್ಗೆ ಬೇಗ ಬೇಗ ನಡೆಯಬೇಕು. ಹೊತ್ತಿಗೆ ಸರಿಯಾಗಿ ಮಲಗಬೇಕು. ಹುಚ್ಚಲ್ಲ ಅಂತ ಗೊತ್ತಾದದ್ದೇ ನನಗೆ ಅರ್ಧ ಜೀವ ಬಂತು.

ಗುಳಿಗೆ ನುಂಗೋದು ಮರೆತೀನಿ ಅಂತ ಮನೆಯವರೆಲ್ಲ ನೆನಪಿಸುವ ಹೊಣೆ ಹೊತ್ತರು. ಬೆಳಿಗ್ಗೆ ನಮ್ಮತ್ತೆ, "ಬಿಳ್ಳೆ ನುಂಗಿದ್ಯೇನೇ?" ಮಧ್ಯಾಹ್ನ ಗೋಡೆಯಾಚೆಯಿಂದ ತಮಿಳಮ್ಮ, "ಅಕ್ಕಾ, ಮಾತ್ರೆ ಪೋಟ್ಟಿಯಾ?" ಸಾಯಂಕಾಲ ಶಿಫ್ಟ್ ಮುಗಿಸಿ ಬಂದ ಯಜಮಾನರು. ನುಂಗಿದೆನೋ ಇಲ್ಲವೋ ನನಗೆಲ್ಲಿ ನೆನಪು? ಕೇಳಿದಾಗಲೆಲ್ಲ ಯಾವುದಕ್ಕೂ ಇರಲಿ ಅಂತ ಒಂದು ಬಿ ಕಾಂಪ್ಲೆಕ್ಸು ಬಾಯಿಗೆ ಹಾಕಿಕೊಂಡೆ.

ಮೂರನೇ ದಿನ ಬಚ್ಚಲಿಗೆ ಹೋದವಳು ಕಿಟಾರನೆ ಕಿರುಚಿದೆ. ಮೂತ್ರವೆಲ್ಲ ಪಳಪಳ ಹೊಳೆಯೋ ಹಳದಿ! ಕಾಮಾಲೆ ಅಂತ ಎದೆ ಹೊಡಕೊಂಡು ಡಾಕ್ಟ್ರಮ್ಮನ ಹತ್ತಿರ ಓಡಿದೆ. ಅವರು ಹೊಟ್ಟೆ ಹಿಡಕೊಂಡು ನಕ್ಕರು. "ಕಾಮಾಲೆ ಅಲ್ಲಮ್ಮ, ಆ ಗುಳಿಗೆಯ ಬಣ್ಣ. ಹೆಚ್ಚಾದದ್ದು ಹೊರಗೆ ಹೋಗ್ತಿದೆ. ದಿನಕ್ಕೆ ಒಂದೇ ಸಾಕು."

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಗಂಭೀರವಾಗಿ ಮೀಸೆ ತಿರುವಿದರು.

"ಇಪ್ಪತ್ತೈದು ವರ್ಸದಿಂದ ಗಣಿ ಒಳಗೆ ಇಳೀತಾ ಇದ್ದೀನಿ, ಇಂಥಾ ಬಣ್ಣ ಒಂದಿನಾನೂ ಕಂಡಿಲ್ಲ. ನಮ್ಮ ಬಚ್ಚಲಲ್ಲೇ ಒಂದು ಶಾಫ್ಟು ತೋಡಿ ಅಂತ ಸಾಹೇಬ್ರಿಗೆ ಹೇಳ್ಲಾ?"

ಸೊಪ್ಪು ಯಾರ ತಲೆಗೆ ಹತ್ತಿತು

ನೆನಪಿನ ಶಕ್ತಿಗೆ ನಮ್ಮತ್ತೆ ಬಂಗಾರಪೇಟೆ ಕಡೆಯ ಕೆರೆಯಂಚಿನಿಂದ ಒಂದೆಲಗದ ಸೊಪ್ಪು ತರಿಸಿದರು. ತಮಿಳಮ್ಮ "ಇದು ವಲ್ಲಾರೈ ಅಕ್ಕಾ, ಮೂಳೆಗೆ ರೊಂಬ ನಲ್ಲದು" ಅಂತ ಒಂದು ಕಟ್ಟು ಕೊಟ್ಟಳು. ಅವರ ಭಾಷೆಯಲ್ಲಿ ಮೂಳೆ ಅಂದರೆ ಮೆದುಳು. ಹಾಲು ಹಾಕುವ ತೆಲುಗಮ್ಮ "ಇದಿ ಸರಸ್ವತಿ ಆಕು" ಅಂತ ಇನ್ನೊಂದು ಕಟ್ಟು ತಂದಳು. ಮೂರು ಜನ, ಮೂರು ಔಷಧಿ. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಬೇಳೆ ಪಪ್ಪು, ರಾತ್ರಿ ಬಸ್ಸಾರು. ಹತ್ತು ದಿನ ಆದಮೇಲೆ ಮೂರನ್ನೂ ಒಟ್ಟಿಗೆ ಮೊರದಲ್ಲಿ ಹರಡಿಕೊಂಡು ಬಿಡಿಸುವಾಗ ನೋಡುತ್ತೇನೆ, ಮೂರೂ ಒಂದೇ ಸೊಪ್ಪು!

ನನಗೆ ಗುಣ ಕಂಡಿತೋ ಇಲ್ಲವೋ ಹೇಳಲಾರೆ. ಆದರೆ ಅದೇ ಅಡುಗೆಯನ್ನು ಯಜಮಾನರೂ ಉಂಡಿದ್ದರು. ಹನ್ನೊಂದನೇ ದಿನ ಮುದ್ದೆ ಮುರಿಯುತ್ತ ತಟ್ಟನೆ ತಲೆ ಎತ್ತಿದರು.

"ಲೇ, ನಮ್ಮ ಮದುವೆ ಆದ ವರ್ಸ ಯುಗಾದೀಲಿ ಪಾಯಸಕ್ಕೆ ಉಪ್ಪು ಆಕಿದ್ದು ನಮ್ಮ ತಂಗಿ ಅಂದಿದ್ಯಲ್ಲ? ಅವಳು ಅವತ್ತು ಊರಲ್ಲೇ ಇರ್ಲಿಲ್ಲ ಕಣೇ!"

ಇಪ್ಪತ್ತೊಂಬತ್ತು ವರ್ಷ ಹಿಂದಿನ ಪಾಯಸ! ಅವತ್ತು ಸಂಜೆಯಿಂದ ಆ ಸೊಪ್ಪು ನನ್ನ ತಟ್ಟೆಗೆ ಮಾತ್ರ. ಅವರಿಗೆ ಬರೀ ಬೇಳೆ ಸಾರು.

ಸೀಮೆಎಣ್ಣೆ ಡಬ್ಬ

ಇನ್ನು ವಾಕಿಂಗು. ಹೆಂಗಸು ಬರಿಗೈಯಲ್ಲಿ ಬಿರಬಿರನೆ ನಡೆದರೆ ಆ ಕಾಲದಲ್ಲಿ ಸುಮ್ಮನಿರುತ್ತಿದ್ದರೇ? ಮೊದಲನೇ ದಿನ ಕೋರಮಂಡಲ್ ಅನ್ನೋ ಲೈನಿನ ಕಡೆ ಹೊರಟೆ. ಹತ್ತು ಹೆಜ್ಜೆಗೊಬ್ಬರು, "ಎಲ್ಲಿಗಮ್ಮಾ?" "ಎಲ್ಲಿಗೂ ಇಲ್ಲ." "ಎಲ್ಲಿಗೂ ಇಲ್ಲ ಅಂದ್ರೆ ಇಷ್ಟು ಜೋರಾಗಿ ಯಾಕೆ ಓಗ್ತಿದ್ದೀಯ?" ನಾನು ಮನೆ ಮುಟ್ಟುವುದರೊಳಗೆ, ಗಂಡನ ಜೊತೆ ಜಗಳ ಆಡಿ ಮನೆ ಬಿಟ್ಟು ಹೋದಳು ಅಂತ ನಮ್ಮತ್ತೆಗೆ ಮೂರು ಜನ ಬಂದು ಸಮಾಧಾನ ಹೇಳಿದ್ದರು.

ಮಾರನೇ ದಿನ ನೆವಕ್ಕೆ ಕೈಯಲ್ಲಿ ಏನಾದರೂ ಇರಲಿ ಅಂತ ಖಾಲಿ ಸೀಮೆಎಣ್ಣೆ ಡಬ್ಬ ಹಿಡಕೊಂಡು ಹೊರಟೆ. ಯಾರೂ ಒಂದು ಮಾತು ಕೇಳಲಿಲ್ಲ. ನನ್ನ ಉಪಾಯಕ್ಕೆ ನಾನೇ ಮೆಚ್ಚಿಕೊಂಡು ಗಣಿ ಮಣ್ಣಿನ ಗುಡ್ಡದ ಬುಡದಲ್ಲಿ ಅರ್ಧ ಸುತ್ತು ಹಾಕಿ ಹಿಂದೆ ತಿರುಗಿದರೆ, ಅಯ್ಯೋ ದೇವರೇ, ಇಪ್ಪತ್ತು ಮೂವತ್ತು ಹೆಂಗಸರು! ಒಬ್ಬೊಬ್ಬಳ ಕೈಯಲ್ಲೂ ಡಬ್ಬ.

"ಎಲ್ಲಿ ಕೊಡ್ತಾ ಅವ್ರೆ ಎಣ್ಣೆ? ಇನ್ನೂ ಎಷ್ಟು ದೂರ?" ಅಂತ ಏದುಸಿರು ಬಿಡುತ್ತ ಕೇಳಿದಳು ಮುಂದಿನವಳು.

ಎಣ್ಣೆ ಇಲ್ಲ, ವಾಕಿಂಗ್ ಮಾಡ್ತಿದ್ದೀನಿ ಅಂದಿದ್ದರೆ ಅಲ್ಲೇ ಡಬ್ಬದಲ್ಲಿ ಬಡಿಯುತ್ತಿದ್ದರು. "ನನಗೂ ಯಾರೋ ಹೇಳಿದ್ರು ಕಣಮ್ಮ, ಮುಂದೆ ಎಲ್ಲೋ ಅಂತ" ಅಂದು ಹೆಜ್ಜೆ ಇನ್ನೂ ಜೋರು ಮಾಡಿದೆ. ಪೂರ್ತಿ ಗುಡ್ಡ ಒಂದು ಸುತ್ತು ಹಾಕಿಸಿ ಎಲ್ಲರನ್ನೂ ಲೈನಿಗೇ ತಂದು ಬಿಟ್ಟೆ. ಎಣ್ಣೆ ಸಿಗದ ಸಿಟ್ಟಿಗೆ ನನ್ನನ್ನು ಒಂದು ವಾರ ಮಾತಾಡಿಸಲಿಲ್ಲ. ಆದರೆ ಆ ರಾತ್ರಿ ಲೈನಿನ ಹೆಂಗಸರೆಲ್ಲ ಎಂದೂ ಇಲ್ಲದ ನಿದ್ದೆ ಹೊಡೆದರಂತೆ. ಗಂಡಸರೇ ಎದ್ದು ಕಾಫಿ ಕಾಸಿಕೊಂಡರಂತೆ.

ಬೀಗಿತ್ತಿಯ ರವಿಕೆ

ಗುಳಿಗೆಯೋ, ಸೊಪ್ಪೋ, ನಡಿಗೆಯೋ, ಅಂತೂ ಯುಗಾದಿ ಹೊತ್ತಿಗೆ ನಿದ್ದೆ ಬಂತು, ತಲೆ ಅಷ್ಟಿಷ್ಟು ತಿಳಿಯಾಯಿತು. ಮೂರು ತಿಂಗಳಿಂದ ಒಂದು ಬಟ್ಟೆಯೂ ಕೆಟ್ಟಿರಲಿಲ್ಲ. ಆಗ ಬಂತು ಬಂಗಾರಪೇಟೆಯ ಮದುವೆ, ಅದೇ ನಮ್ಮ ಯಜಮಾನರ ಅಣ್ಣನ ಮಗಳದು. ಹುಡುಗಿಯ ಮುಹೂರ್ತದ ರವಿಕೆ ಚಿಕ್ಕಮ್ಮನೇ ಹೊಲಿಯಬೇಕು ಅಂದರು. ಅದರ ಜೊತೆ ಬೀಗಿತ್ತಿಗೆ, ಅಂದರೆ ಗಂಡಿನ ತಾಯಿಗೆ, ಸೀರೆಯೊಂದಿಗೆ ತಟ್ಟೆಯಲ್ಲಿಟ್ಟು ಕೊಡೋ ರವಿಕೆಯೂ ನನ್ನದೇ.

ಆ ಬೀಗಿತ್ತಿ ಇಡೀ ತಾಲ್ಲೂಕಿಗೇ ಹೆಸರಾದವರು. ಕೈ ಎತ್ತಿ ಬಾಯಿ ತೆಗೆದರೆ ಓಲಗದವರು ಊದೋದು ನಿಲ್ಲಿಸುತ್ತಿದ್ದರು. ದೊಡ್ಡ ಮಗನ ಮದುವೆಯಲ್ಲಿ ಒಬ್ಬಟ್ಟು ಚಿಕ್ಕದಾಯಿತು ಅಂತ ಪಂಕ್ತಿಯನ್ನೇ ಎಬ್ಬಿಸಿದ್ದರು. ನಮ್ಮ ಓರಗಿತ್ತಿ, ಹುಡುಗಿಯ ತಾಯಿ, ಒಂದು ತಿಂಗಳಿಂದ ಅದೇ ಯೋಚನೆಯಲ್ಲಿ ಸೊರಗಿಹೋಗಿದ್ದಳು.

ಇಬ್ಬರದೂ ಅಳತೆ ರವಿಕೆ ಬಂತು. ನನ್ನ ತಲೆಯನ್ನು ನಂಬೋದು ಬೇಡ ಅಂತ ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು ದಾರ ಕಟ್ಟಿಟ್ಟೆ. ಎರಡು ದಿನ ಬಿಟ್ಟು ಹೊಲಿಯೋಕೆ ಕೂತರೆ, ಕೆಂಪು ಯಾರದು? ಮದುಮಗಳಿಗೆ ಕೆಂಪು ಅಲ್ಲದೆ ಮತ್ತೇನು ಅಂದುಕೊಂಡೆ. ಕೆಂಪಿನದು ದೊಡ್ಡದಾಗಿ ಕಂಡಿತು. ಮದುವೆ ಗೊತ್ತಾದ ಹುಡುಗಿ, ಚೆನ್ನಾಗಿ ತಿಂದು ಮೈ ಬಂದಿರಬೇಕು. ಹಸಿರಿನದು ಚಿಕ್ಕದು. ಬೀಗಿತ್ತಿ ಶನಿವಾರ ಶನಿವಾರ ಉಪವಾಸ ಮಾಡಿ ಕಡ್ಡಿ ಆಗಿದ್ದೀನಿ ಅಂತ ಕಂಡಕಂಡವರಿಗೆಲ್ಲ ಹೇಳುತ್ತಿದ್ದರಲ್ಲ, ನಿಜವೇ ಇರಬೇಕು. ಹೀಗೆ ನನಗೆ ನಾನೇ ಒಪ್ಪಿಸಿಕೊಂಡು ಹೊಲಿದೆ.

ಮುಹೂರ್ತದ ಬೆಳಿಗ್ಗೆ, ಛತ್ರದ ಕೋಣೆಯಲ್ಲಿ ಹುಡುಗಿ ರವಿಕೆ ತೊಟ್ಟು ನನ್ನ ಕಡೆ ತಿರುಗಿದಳು.

"ಚಿಕ್ಕಮ್ಮಾ, ಇದ್ರೊಳಗೆ ನಾನು ಎಲ್ಲಿದ್ದೀನಿ?"

ನನ್ನ ಕೈಕಾಲು ತಣ್ಣಗಾಯಿತು, ಎಷ್ಟೋ ತಿಂಗಳ ಮೇಲೆ. ದೊಡ್ಡದನ್ನು ಚಿಕ್ಕದು ಮಾಡೋದು ದೊಡ್ಡ ಕೆಲಸವಲ್ಲ. ಸೂಜಿ ತೆಗೆದು ಎರಡೂ ಪಕ್ಕ ಹಿಡಿದು ಹೊಲಿದುಬಿಟ್ಟೆ. ಆದರೆ ಆ ಇನ್ನೊಂದು? ಅದು ಆಗಲೇ ತಟ್ಟೆಯಲ್ಲಿ ಗಂಡಿನವರ ಕೋಣೆಗೆ ಹೋಗಿತ್ತು. ಚಿಕ್ಕದನ್ನು ದೊಡ್ಡದು ಮಾಡೋಕೆ ಯಾರಿಂದಲೂ ಆಗಲ್ಲ. ಬಾಗಿಲಲ್ಲಿ ನಿಂತಿದ್ದ ಯಜಮಾನರು ಸೂಜಿ ನೋಡಿದರು, ನನ್ನ ಮುಖ ನೋಡಿದರು.

"ಕೆಟ್ಟೋಯ್ತಾ?"

ನಾನು ಸೂಜಿಯನ್ನು ಸೆರಗಿನ ಮರೆಗೆ ಸರಿಸಿದೆ.

"ಸರಿ, ಮಿಷನ್ನು ನಾಳೇನೇ ಇಲ್ಲಿಗೆ ಬರುತ್ತೆ" ಅಂದು ಹೊರಟುಹೋದರು.

ಮಿಷನ್ನೂ ಹೋಯಿತು, ಮದುವೆಯೂ ಕೆಟ್ಟಿತು ಅಂತ ಕಂಬಕ್ಕೆ ಒರಗಿ ನಿಂತೆ. ಬೀಗಿತ್ತಿ ಹೊರಗೆ ಬಂದರು. ಹೊಸ ಸೀರೆ, ನನ್ನ ರವಿಕೆ. ಇಬ್ಬರು ಹೆಣ್ಣುಮಕ್ಕಳು ಎರಡು ಕಡೆ ಎಳೆದು, ಮಂಡಿ ಕೊಟ್ಟು ಹುಕ್ಕು ಹಾಕಿದ್ದರಂತೆ. ಕಡ್ಡಿ ಆಗಿದ್ದೀನಿ ಅಂತ ಊರೆಲ್ಲ ಸಾರಿಕೊಂಡವರು ಬಿಗಿ ಅಂತ ಯಾವ ಬಾಯಲ್ಲಿ ಹೇಳ್ತಾರೆ? ಕೈ ಎರಡೂ ಪಕ್ಕಕ್ಕೆ ಅಂಟಿಸಿಕೊಂಡು ನೆಟ್ಟಗೆ ಬಂದು ಕೂತರು.

ಓಲಗದವರು ತಡ ಮಾಡಿದರು. ಬೀಗಿತ್ತಿ ಬೆರಳು ಎತ್ತಲು ಹೋದರು, ಕಂಕುಳಲ್ಲಿ ಹೊಲಿಗೆ ಪರ್ ಅಂತು. ಕೈ ಇಳಿಸಿದರು. ಕೋಸಂಬರಿಯಲ್ಲಿ ಉಪ್ಪಿರಲಿಲ್ಲ. ಬಾಯಿ ತೆಗೆದರು, ಉಸಿರು ಬರಲಿಲ್ಲ. ಬಾಯಿ ಮುಚ್ಚಿದರು. ಒಬ್ಬಟ್ಟು ಕಳೆದ ಸಲಕ್ಕಿಂತ ಚಿಕ್ಕದಿತ್ತು. ಕಣ್ಣು ದೊಡ್ಡದು ಮಾಡಿ ಅದನ್ನೇ ನೋಡಿದರು, ಅಷ್ಟೇ. ಅವರ ಗಂಡ, ನಮ್ಮ ಬೀಗರು, "ಏನೇ, ಮೈಗೆ ಉಷಾರಿಲ್ವಾ?" ಅಂತ ಎರಡು ಸಲ ಕೇಳಿದರು. ಮೂರನೇ ಸಲ ಕೇಳಲಿಲ್ಲ. ಇನ್ನೆರಡು ಒಬ್ಬಟ್ಟು ಹಾಕಿಸಿಕೊಂಡು ನೆಮ್ಮದಿಯಾಗಿ ಉಂಡರು. "ಎಂಥಾ ಗಂಭೀರ ಬೀಗಿತ್ತಿ!" ಅಂತ ನೆಂಟರೆಲ್ಲ ಕೊಂಡಾಡಿದರು. ಒಂದು ಜಗಳ ಇಲ್ಲದೆ ಹೆಣ್ಣು ಒಪ್ಪಿಸಿದ್ದಾಯಿತು.

ಗಂಡಿನವರ ಬಸ್ಸು ಹೊರಟದ್ದೇ ಯಜಮಾನರು ಗಂಟಲು ಸರಿ ಮಾಡಿಕೊಂಡರು. "ಅತ್ತಿಗೆ, ಒಂದು ಮಾತು. ಇವಳ ಮಿಷನ್ನು ನಮ್ಮ ಉಡುಗಿಗೆ ಉಡುಗೊರೆ ಅಂತ..."

ನನಗೆ ಕಣ್ಣಲ್ಲಿ ನೀರು ಬಂತು. ಓರಗಿತ್ತಿ ಅವರ ಮಾತು ಅಲ್ಲಿಗೇ ತಡೆದು, ನನ್ನ ಕೈ ಹಿಡಿದು ಕೋಣೆಗೆ ಎಳಕೊಂಡು ಹೋದಳು. ಯಜಮಾನರೂ ಹಿಂದೆಯೇ ಬಂದರು.

"ನಿಜ ಹೇಳು. ಬೀಗಿತ್ತಿ ರವಿಕೆ ಬೇಕಂತ್ಲೇ ಅಂಗೆ ಮಾಡಿದ್ಯಾ?" ಅಂದಳು ಓರಗಿತ್ತಿ.

"ಇಲ್ಲಕ್ಕ, ದೇವರಾಣೆ ಇಲ್ಲ. ತಲೆಗೆ ಮಬ್ಬು ಕವಿದು ದಾರ ಅದಲು ಬದಲಾಯ್ತು."

ಅವಳು ಯಜಮಾನರ ಕಡೆ ತಿರುಗಿದಳು.

"ಮಿಷನ್ನೂ ಬ್ಯಾಡ, ಗಿಷನ್ನೂ ಬ್ಯಾಡಪ್ಪ. ಅದು ಇವಳ ಅತ್ರಾನೇ ಇರ್ಲಿ. ಮುಂದಿನ ವರ್ಸ ನಮ್ಮ ಎರಡನೇದರ ಮದುವೆ ಐತೆ, ಆ ಬೀಗಿತ್ತಿ ರವಿಕೇನೂ ಇವಳ ಕೈಯಿಂದ್ಲೇ ಆಗ್ಬೇಕು."

ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ಅವಳು ನನ್ನ ಗಲ್ಲ ಹಿಡಿದು ಮೆಲ್ಲಗೆ ಅಂದಳು:

"ಅಲ್ಲೀಗಂಟ ಆ ಡಾಕ್ಟ್ರಮ್ಮನ ಗುಳಿಗೆ ಮಾತ್ರ ನುಂಗಬ್ಯಾಡ ಕಣಮ್ಮ."