ಗೌನಿಗೆ ಬಂದ ಸೆರಗು

ಸಂಗಯ್ಯನವರಿಗೆ ಕಲ್ಲು ಅರ್ಥವಾಗುತ್ತಿತ್ತು. ಇಳಕಲ್ಲಿನ ಹೊರವಲಯದಲ್ಲಿ ಅವರದೊಂದು ಗ್ರಾನೈಟ್ ಪಾಲಿಶ್ ಕಾರ್ಖಾನೆ. ಬಂಡೆಯನ್ನು ದೂರದಿಂದ ನೋಡಿಯೇ ಒಳಗೆ ಬಿರುಕಿದೆಯೋ ಇಲ್ಲವೋ ಹೇಳಬಲ್ಲ ಮನುಷ್ಯ. ಅರ್ಥವಾಗದೇ ಉಳಿದದ್ದು ಮನೆಯೊಳಗಿನ ಎರಡು ಜೀವಗಳು ಮಾತ್ರ: ಹೆಂಡತಿ ಮಹೇಶ್ವರಿ, ಮಗಳು ದಾನೇಶ್ವರಿ. (ಎರಡೂ ಹೆಸರಿನ ತುದಿಯಲ್ಲಿ ‘ಈಶ್ವರಿ’ ಕೂತಿದ್ದರಿಂದ ಆ ಮನೆಯಲ್ಲಿ ಅಪೀಲಿಗೆ ಮೇಲಿನ ಕೋರ್ಟೇ ಇರಲಿಲ್ಲ.)

ಮಗಳಿಗೆ ಬಾದಾಮಿಯ ಸಂತೋಷಕುಮಾರನ ಜೊತೆ ಲಗ್ನ ಗೊತ್ತಾಯಿತು. ಮುಹೂರ್ತಕ್ಕೆ ಇಳಕಲ್ ಸೀರೆ. ಅದರಲ್ಲಿ ಯಾರದೂ ತಕರಾರಿರಲಿಲ್ಲ. ಕಿಡಿ ಹೊತ್ತಿದ್ದು ಸಂಜೆಯ ರಿಸೆಪ್ಷನ್ನಿಗೆ.

“ಅಪ್ಪಾ, ರಿಸೆಪ್ಷನ್‌ಗೆ ನಾ ಗೌನ್ ಹಾಕ್ಕೋತೇನಿ,” ಅಂದಳು ದಾನೇಶ್ವರಿ. “ಹಿಂದ ನೆಲದ ಮ್ಯಾಲೆ ಉದ್ದಕ ಹರಕೊಂಡ ಬರೂ ಟ್ರೇಲ್ ಇರತೈತಿ. ನನ್ನ ಐದು ಮಂದಿ ಗೆಳತ್ಯಾರು ಬ್ರೈಡ್ಸ್‌ಮೇಡ್, ನನ್ನ ಹಿಂದ ನಡೀತಾರ. ಅವರಿಗೂ ಒಂದ ನಮೂನಿ ಗೌನು. ಡಸ್ಟಿ ರೋಸ್ ಕಲರ್.”

ಸಂಗಯ್ಯನವರು ಗೌನನ್ನು ನೋಡಿದ್ದು ಹುನಗುಂದದ ಕೋರ್ಟಿನಲ್ಲಿ, ವಕೀಲರ ಮೈಮೇಲೆ. ಮದುವೆಗೂ ಅದಕ್ಕೂ ಏನು ಸಂಬಂಧ ಎಂದು ತಿಳಿಯದಿದ್ದರೂ ಬಣ್ಣದ ಬಗ್ಗೆ ಒಂದು ಮಾತು ಕೇಳಬಹುದು ಅನಿಸಿತು.

“ಧೂಳ ಹತ್ತಿದ ಗುಲಾಬಿ ಯಾಕವಾ? ತೊಳದದ್ದು ಸಿಗೂದಿಲ್ಲೇನು?”

ಒಳಗಿನಿಂದ ಹೆಂಡತಿಯ ದನಿ ಬಂತು. “ಆಕಿಗೆ ಹೇಳ್ರಿ, ಇಳಕಲ್ಲಾಗ ಹುಟ್ಟಿದಾಕಿ ಸೀರಿ ಬಿಟ್ಟು ಗೌನ್ ಹಾಕ್ಕೊಂಡ್ರ ಓಣ್ಯಾಗಿನ ಮಗ್ಗ ಸುದ್ದಾ ನಗತಾವು ಅಂತ.”

“ಅವ್ವಗ ಹೇಳಪ್ಪಾ, ಮಗ್ಗಕ್ಕ ಲಗ್ನಪತ್ರ ಕೊಟ್ಟಿಲ್ಲಂತ.”

ಅಂದಿನಿಂದ ತಾಯಿ ಮಗಳ ನಡುವೆ ನೇರ ಸಂಪರ್ಕ ಕಡಿದುಹೋಯಿತು. ಊಟಕ್ಕೆ ಎದುರುಬದುರು ಕೂತರೂ ಉಪ್ಪು ಕೂಡ ಸಂಗಯ್ಯನವರ ಮೂಲಕವೇ ಓಡಾಡಬೇಕು. ಟಪಾಲು ಒಯ್ದು ಒಯ್ದು ಸುಸ್ತಾದ ಅವರಿಗೆ ಒಂದು ದಿನ ದಿವ್ಯಜ್ಞಾನವಾಯಿತು. ಅಡುಗೆಮನೆಗೆ ಹೋಗಿ, “ನೀ ಅನ್ನೂದ ಖರೆ, ಸೀರೀನ ಆಗಲಿ,” ಎಂದರು. ಮಾಳಿಗೆ ಹತ್ತಿ ಮಗಳಿಗೆ, “ನೀ ಅನ್ನೂದ ಖರೆ, ಗೌನ್ ಆಗಲಿ,” ಎಂದರು. ಮನೆಯಲ್ಲಿ ತಣ್ಣಗೆ ಗಾಳಿ ಬೀಸಿತು. ಇಷ್ಟು ಸುಲಭದ ಉಪಾಯ ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ತೊಡಕು ಆಮೇಲೆ ಬಂತು. ರಿಸೆಪ್ಷನ್ನಿನ ಅರಿವೆ ಹೊಲಿಯಬೇಕಾದವಳು ಬಾಗಲಕೋಟೆಯ ನವನಗರದಲ್ಲಿ ಬುಟಿಕ್ ಇಟ್ಟಿದ್ದ ಮುಬಶೀರಾ. ಹೆಂಡತಿ ಒಂದು ಇಳಕಲ್ ಸೀರೆ ಕೈಗಿತ್ತು, “ಇದಕ್ಕೊಪ್ಪೂ ಕುಪ್ಪಸ ಹೊಲಸ್ಕೊಂಡ ಬರ್ರಿ,” ಅಂದಳು. ಮಗಳು ಮೊಬೈಲಿಗೆ ಗೌನಿನ ಫೋಟೋಗಳನ್ನೂ ಗೆಳತಿಯರ ಅಳತೆಗಳನ್ನೂ ಕಳಿಸಿದಳು. ಸಂಗಯ್ಯನವರು ಎಲ್ಲವನ್ನೂ ತಂದು ಮುಬಶೀರಾಳ ಮೇಜಿನ ಮೇಲೆ ಹರವಿದರು.

ಆಕೆ ಸೀರೆ ನೋಡಿದಳು, ಫೋಟೋ ನೋಡಿದಳು, ಇವರ ಮುಖವನ್ನೂ ನೋಡಿದಳು. “ಸಾಹುಕಾರ್ರ, ನಾ ಯಾವದು ಹೊಲೀಲ್ರಿ?”

“ಎರಡೂ.”

“ಎರಡ ಅರಿವ್ಯೋ, ಒಂದರಾಗ ಎರಡೋ?”

ಹೀಗೂ ಒಂದು ದಾರಿ ಇರಬಹುದೆಂದು ಸಂಗಯ್ಯನವರಿಗೆ ಹೊಳೆದಿರಲಿಲ್ಲ. “ಒಂದರಾಗ ಎರಡ ಮಾಡ್ರಿ. ಅಂದ್ರ ಇಬ್ಬರಿಗೂ ಸಿಟ್ಟ ಬರೂದಿಲ್ಲ.”

“ಗೆಳತ್ಯಾರ ಅಳತಿ ಬರಿಗಾಲ್ಲೇ ತಗೊಂಡಾರೇನ್ರಿ? ಇಲ್ಲಾ ಹೀಲ್ಸ್ ಹಾಕ್ಕೊಂಡೋ?”

ಇವರಿಗೇನು ಗೊತ್ತು. ಆದರೆ ಹತ್ತಾರು ಕೆಲಸಗಾರರನ್ನು ಆಳುವ ನಾಲಿಗೆಗೆ ‘ಗೊತ್ತಿಲ್ಲ’ ಅನ್ನುವ ಶಬ್ದ ಒಗ್ಗಿರಲಿಲ್ಲ. “ಬರಿಗಾಲ್ಲೇ,” ಎಂದುಬಿಟ್ಟರು. ಹೀಲ್ಸಿನಷ್ಟು ಉದ್ದ ಸೇರಿಸುತ್ತೇನೆ ಎಂದು ಆಕೆ ಅಂದಾಗ ಕಲ್ಲಿನ ಅನುಭವವನ್ನೂ ಧಾರೆಯೆರೆದರು. “ಅದರ ಮ್ಯಾಲೆ ಇನ್ನೊಂದೀಟು ಇರಲಿ. ಹೆಚ್ಚಾದ್ರ ಕೊಯ್ಯಬಹುದು, ಕಡಿಮಿ ಆದ್ರ ಅಂಟಸಾಕ ಬರೂದಿಲ್ಲ.”

ಅರಿವೆಗಳು ಮನೆಗೆ ಬಂದದ್ದು ಲಗ್ನದ ಹಿಂದಿನ ದಿನ. ದಾನೇಶ್ವರಿ ಕೋಣೆಯಲ್ಲಿ ಉಟ್ಟು ಹೊರಗೆ ಬಂದಳು. ಸೀರೆಯ ಒಡಲು ಗೌನಾಗಿತ್ತು, ದಡಿ ಕೆಳಗೆ ಸುತ್ತುವರಿದಿತ್ತು, ಕೆಂಪು ಸೆರಗು ಹೆಗಲಿನಿಂದ ಇಳಿದು ಹಿಂದೆ ಟ್ರೇಲಾಗಿ ಹರಿದಿತ್ತು. ಮಗಳ ಮುಖ ಅರಳಿತ್ತು. ತಾಯಿಯ ಕಣ್ಣು ತುಂಬಿ ಬಂತು. ಸಂಗಯ್ಯನವರು ಮೀಸೆಯ ಮೇಲೆ ಕೈ ಹಾಕಿದರು. ಅಷ್ಟರಲ್ಲಿ ಮಗಳು ನಾಲ್ಕು ಹೆಜ್ಜೆ ನಡೆದಳು.

“ಸೆರಗ ನೆಲಕ್ಕ ಬಿತ್ತು,” ಅಂದಳು ಮಹೇಶ್ವರಿ, ಮೆಲ್ಲಗೆ. (ಆಕೆ ಒದರಿದರೆ ಪರವಾಗಿಲ್ಲ, ಮೆಲ್ಲಗೆ ಮಾತಾಡಿದರೆ ಹುಷಾರಿರಬೇಕು.)

“ಅವ್ವಾ, ಅದು ಸೆರಗಲ್ಲ, ಟ್ರೇಲ್.”

“ನೀ ಹುಟ್ಟೂದಕ್ಕಿಂತ ಮೊದಲ ಅದು ಸೆರಗೈತಿ. ಸೆರಗ ನೆಲಕ್ಕ ಎಳಕೊಂಡ ನನ್ನ ಮಗಳು ಮಂದಿ ಮುಂದ ಹೋಗೂದು ಬ್ಯಾಡ.”

ದಾನೇಶ್ವರಿ ಅಳುತ್ತಲೇ ಅಂದಳು, “ಹುಡುಗನ್ನ ನೀವ ನೋಡಿದ್ರಿ, ಹೂಂ ಅಂದೆ. ಮುಹೂರ್ತ, ಮಂಟಪ, ಊಟ ಎಲ್ಲಾ ನಿಮ್ಮದ, ಅದಕ್ಕೂ ಹೂಂ ಅಂದೆ. ಇದೊಂದು ನಂದಿರಲಿ ಅಂದ್ಕೊಂಡಿದ್ದೆ. ಬ್ಯಾಡ ಬಿಡು, ರಿಸೆಪ್ಷನ್ನ ಬ್ಯಾಡ.”

ಸಂಗಯ್ಯನವರು ಇಬ್ಬರ ನಡುವೆ ನಿಂತು, “ನೀ ಅನ್ನೂದೂ ಖರೆ,” ಎಂದು ಶುರುಮಾಡಿದರು. ಇಬ್ಬರೂ ಒಟ್ಟಿಗೆ ಅವರ ಕಡೆ ತಿರುಗಿದರು. ಯಾರಿಗೆ ಯಾವಾಗ ಏನು ಹೇಳಿದ್ದರು ಎನ್ನುವುದೆಲ್ಲ ಅಲ್ಲೇ ಬಯಲಾಯಿತು.

ಬಚಾವು ಮಾಡಿದ್ದು ಲಗ್ನದ ಮನೆಗೆ ಮೊದಲೇ ಬಂದಿದ್ದ ಮಗಳ ಗೆಳತಿ ಅರ್ಜು. “ಆಂಟೀ, ನಾವು ಐದು ಮಂದಿ ಹಿಂದ ಇರತೇವಲ್ರಿ? ಸೆರಗ ಎತ್ತಿ ಹಿಡೀತೇವಿ. ನೆಲಕ್ಕ ಮುಟ್ಟಾಕ ಬಿಡೂದಿಲ್ಲ.”

ಮಹೇಶ್ವರಿ ಸೆರಗಿನ ತುದಿ ಎತ್ತಿ ಅರ್ಜುವಿನ ಕೈಗಿಟ್ಟಳು. “ಹಂಗಾದ್ರ ಆತು,” ಅಂದು ಮಗಳ ಕಣ್ಣು ಒರೆಸಿದಳು.

ಮರುದಿನ ಸಂಜೆ ಕಲ್ಯಾಣಮಂಟಪದ ಬಾಗಿಲಲ್ಲಿ ದಾನೇಶ್ವರಿ ಸಿದ್ಧವಾಗಿ ನಿಂತಳು. ಹಿಂದೆ ಧೂಳುಗುಲಾಬಿ ಬಣ್ಣದ ಐದು ಹುಡುಗಿಯರು. ಹಿಂದಿನ ದಿನದ ಗದ್ದಲದಲ್ಲಿ ಅವರ ಗೌನುಗಳನ್ನು ಯಾರೂ ಹಾಕಿ ನೋಡಿರಲಿಲ್ಲ; ಈಗ ಹೀಲ್ಸ್ ಹಾಕಿಕೊಂಡಿದ್ದರೂ ಅವು ಕಾಲ ಕೆಳಗೆ ಗುಪ್ಪೆಗುಪ್ಪೆಯಾಗಿ ಬಿದ್ದಿದ್ದವು.

“ನಾವು ಹೀಲ್ಸ್ ಹಾಕ್ಕೊಂಡ ಅಳತಿ ಕೊಟ್ಟಿದ್ವಲ್ಲ?” ಎಂದಳು ಅರ್ಜು. ಸಂಗಯ್ಯನವರು ಮಂಟಪದ ದೀಪದ ಸರಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಒಂದು ಹೆಜ್ಜೆ ಇಡಬೇಕಾದರೂ ಪ್ರತಿಯೊಬ್ಬಳೂ ತನ್ನ ಗೌನನ್ನು ಎರಡೂ ಕೈಯಿಂದ ಎತ್ತಿ ಹಿಡಿಯಬೇಕಾಯಿತು. ಹತ್ತು ಕೈಯಿದ್ದವು, ಒಂದೂ ಖಾಲಿ ಇರಲಿಲ್ಲ. ಹಾಡು ಶುರುವಾಯಿತು. ವೇದಿಕೆಯ ಪಕ್ಕದಲ್ಲಿ ನಿಂತ ಮಹೇಶ್ವರಿಯ ಕಣ್ಣು ಸೆರಗಿನ ಮೇಲೆಯೇ ನೆಟ್ಟಿತ್ತು.

“ಅಪ್ಪಾ,” ಅಂದಳು ದಾನೇಶ್ವರಿ, ತಿರುಗದೆ.

ಸಂಗಯ್ಯನವರು ಬಗ್ಗಿದರು.

ಬಗ್ಗಿದವರು ಇಡೀ ಸಂಜೆ ನೆಟ್ಟಗಾಗಲಿಲ್ಲ. ಕಲ್ಲಿನ ವ್ಯಾಪಾರಿಗಳು ಬಂದು ಕೈ ಮುಗಿದರು. ಇವರು ಎರಡೂ ಕೈಯಲ್ಲಿ ಸೆರಗು ಹಿಡಿದು ಹುಬ್ಬಿನಿಂದ ನಮಸ್ಕಾರ ಮಾಡಿದರು. ಫೋಟೋದವನು ಅವರನ್ನು ಗುಲಾಬಿ ಹುಡುಗಿಯರ ಸಾಲಿಗೆ ಸೇರಿಸಿ, “ಸರ, ನೀವೂ ಗಲ್ಲ ಸ್ವಲ್ಪ ಓರಿ ಮಾಡ್ರಿ,” ಅಂದ. ತಾಯಿ ಮಗಳು ಕಿವಿಗೆ ಬಾಯಿ ಹಚ್ಚಿ ಏನೋ ಮಾತಾಡಿ ನಕ್ಕರು. ಈಗ ಅವರಿಗೆ ಟಪಾಲಿನವನ ಅಗತ್ಯ ಇರಲಿಲ್ಲ.

ಊಟಕ್ಕೆ ಏಳುವ ಹೊತ್ತಿಗೆ ಬಾದಾಮಿಯ ಬೀಗರ ಪೈಕಿ ಹಿರಿಯ ಹೆಣ್ಣುಮಗಳು ಸಿದ್ದವ್ವ ವೇದಿಕೆ ಹತ್ತಿ ಬಂದು ಗೌನನ್ನೂ ಸೆರಗನ್ನೂ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಸಂಗಯ್ಯನವರ ಕಡೆ ತಿರುಗಿದರು.

“ಭಾಳ ಚಂದ ಹಿಡದೀರಿ ಬೀಗರ. ಬರೂ ಶ್ರಾವಣದಾಗ ನಮ್ಮ ಮೊಮ್ಮಗಳ ಲಗ್ನ ಐತಿ. ಆಕೀಗೂ ಇಂಥಾದ ಹೊಲಸತೇವಿ. ಸೆರಗ ಹಿಡಿಯಾಕ ನೀವ ಬರಬೇಕ್ರಿ.”

ಸಂಗಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಮಹೇಶ್ವರಿ ಉತ್ತರ ಕೊಟ್ಟಾಗಿತ್ತು.

“ಬರ್ತಾರ ತಗೋರಿ. ಅವರು ಯಾರಿಗೂ ಒಲ್ಲೆ ಅನ್ನೂದಿಲ್ಲ.”